ಡಿಕ್ಕಿಯ ಡಬ್ಬಿ, ಸಾವಿರ ರೊಟ್ಟಿ

ಹಾಡಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ನನ್ನ ಗಂಡನ ಮೇಲೆ, ಅವನು ನಮ್ಮ ಕಾರಿನ ಡಿಕ್ಕಿಯಲ್ಲಿ ಕೂರಿಸಿದ ಆ ಕರಿ ಡಬ್ಬಿಯ ಮೇಲೆ, ಅದನ್ನು ನನ್ನ ಕೈಯಿಂದಲೇ ಕಟ್ಟಿಸಿಕೊಂಡ ಅವನ ಜಾಣತನದ ಮೇಲೆ. ಗಂಡನನ್ನು 'ಅವನು' ಅಂತಲೇ ಬರೆಯುತ್ತೇನೆ. ಎದುರಿಗೆ 'ರಿ' ಹಚ್ಚಿ ಮಾತಾಡುತ್ತೇನೆ, ಅದು ನಾಲಿಗೆಗೆ ಬಿದ್ದ ರೂಢಿ. ಬರೆಯುವಾಗ ನನ್ನನ್ನು ಕೇಳುವವರು ಯಾರೂ ಇಲ್ಲ.

ಜೇವರ್ಗಿಯಲ್ಲಿ ನಮ್ಮ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನೂ ಓಣಿಯ ಕೆಲವು ಹೆಂಗಸರೂ ಕೂತು ಕಡಕ್ ರೊಟ್ಟಿ ಬಡಿಯುತ್ತೇವೆ. ಬಿಳಿ ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು. ಹಂಚಿನ ಮೇಲೆ ಬೇಯಿಸಿ ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದರೆ ತೆಳ್ಳಗೆ, ಗರಿಗರಿಯಾಗಿ ತಿಂಗಳುಗಟ್ಟಲೆ ಇರುತ್ತದೆ. ಕೆಡುವುದಿಲ್ಲ, ಆದರೆ ಒಂದು ಪೆಟ್ಟು ತಾಳುವುದಿಲ್ಲ. ಅಫಜಲಪುರದ ಖಾನಾವಳಿಗಳಿಗೆ, ಆಳಂದದ ಅಂಗಡಿಗಳಿಗೆ ನಮ್ಮ ರೊಟ್ಟಿ ಹೋಗುತ್ತದೆ. ಮೊದಲು ಬುಟ್ಟಿ ಹೊತ್ತು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಯಾರೋ ಪುಣ್ಯಾತ್ಮ ಬುಟ್ಟಿಯ ಮೇಲೆ ಕಾಲಿಡುತ್ತಿದ್ದ, ಇನ್ನೊಬ್ಬ ಅದಕ್ಕೇ ಒರಗಿ ನಿದ್ದೆ ಹೊಡೆಯುತ್ತಿದ್ದ. ಅದಕ್ಕೇ ರೊಟ್ಟಿಯ ದುಡ್ಡಿನಲ್ಲಿ ಹಳೆಯದೊಂದು ಸಣ್ಣ ಕಾರು ತಗೊಂಡೆ. ಎಲ್ಲರೂ ಎಂಜಿನ್ ನೋಡುತ್ತಾರೆ, ಟೈರು ಒದ್ದು ನೋಡುತ್ತಾರೆ. ನಾನು ಡಿಕ್ಕಿ ತೆಗೆಸಿ ನಮ್ಮ ಬುಟ್ಟಿ ಇಟ್ಟು ನೋಡಿ ಆಮೇಲೆ ಹೂಂ ಅಂದೆ.

ಕಾರು ಕಲಿಯುವ ಶಾಲೆಗೂ ಹೋದೆ, ಲೈಸೆನ್ಸೂ ಮಾಡಿಸಿದೆ. ಆದರೆ ಚಾವಿ ಮಾತ್ರ ನನ್ನ ಕೈಗೆ ಬರಲಿಲ್ಲ. "ನಾ ಗಂಡಸು ಮನ್ಯಾಗ ಇರೂತನಾ ನೀ ಯಾಕ ಗಾಡಿ ಹೊಡೀತಿ? ಮಂದಿ ಏನಂತಾರ?" ಎನ್ನುವುದು ಅವನ ಮಾತು. ಮಂದಿ ಏನನ್ನುತ್ತಿದ್ದರು ಎನ್ನುವುದು ನನಗೂ ಗೊತ್ತಿತ್ತು. ಅವನು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದರೆ "ಬಂದ ನೋಡಪಾ ರೊಟ್ಟಿಯಾಕಿ ಗಂಡ" ಅನ್ನುತ್ತಿದ್ದರು. ಆ ಮಾತು ಅವನಿಗೆ ಮುಳ್ಳಿನ ಹಾಗೆ ನಟ್ಟಿತ್ತು. ಆಡಿದವರ ಜೊತೆಗೆ ಜಗಳಕ್ಕೆ ಹೋಗುವ ಧೈರ್ಯ ಇರಲಿಲ್ಲ, ಮನೆಗೆ ಬಂದು ನನ್ನ ಮೇಲೆ ಹಲ್ಲು ಕಡಿಯುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅವನ ದೋಸ್ತನೊಬ್ಬ ಆಳಂದದಲ್ಲಿ ಕಾರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುವ ಅಂಗಡಿ ಇಟ್ಟಿದ್ದಾನೆ. ರೊಟ್ಟಿ ಕೊಟ್ಟು ಬರಲು ಹೋದವನು ಒಂದು ದಿನ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ತಂದು ಪಡಸಾಲೆಯಲ್ಲಿಟ್ಟ. ಹಾಡಿನೊಳಗಿನ ದಪ್ಪ ಸದ್ದು, ಎದೆಗೆ ಗುದ್ದುವ ಆ ದಢ್ ದಢ್, ಅದಷ್ಟನ್ನೇ ಹೊಡೆಯುವ ಸ್ಪೀಕರ್ ಅದು.

"ಇದಕ್ಕ ಒಂದ್ ಡಬ್ಬಿ ಮಾಡಸ್ಬೇಕು. ಡಬ್ಬಿ ಇಲ್ದಿದ್ರ ಇದರ ದನಿ ಬರಂಗಿಲ್ಲ" ಅಂದ.

"ಎಲ್ಲಿ ಇಡ್ತೀರಿ ಡಬ್ಬಿ?"

"ಡಿಕ್ಕಿ ಒಳಗ."

"ಮತ್ತ ರೊಟ್ಟಿ?"

"ರೊಟ್ಟಿ ಹಿಂದಿನ ಸೀಟಿನ ಮ್ಯಾಲ ಕೂಡ್ತಾವ."

"ರೊಟ್ಟಿ ಏನ್ ನಿಮ್ಮ ಸ್ವಾದರತ್ತಿ ಮಗಳೇನ್ರಿ, ಸೀಟಿನ ಮ್ಯಾಲ ಕುಂತು ಊರು ನೋಡ್ಕೋತ ಹೋಗಾಕ?"

ಒಲೆಯ ಮುಂದಿದ್ದ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವನ ಮುಖ ಕಪ್ಪಿಟ್ಟಿತು. ಮರುದಿನ ಹಟಕ್ಕೆ ಬಿದ್ದು ಆಳಂದಕ್ಕೆ ಹೋಗಿ ಒಂದು ರೆಡಿಮೇಡ್ ಡಬ್ಬಿ ಹಾಕಿಸಿಕೊಂಡೇ ಬಂದ. ಡಿಕ್ಕಿ ತೆಗೆದು ನೋಡುತ್ತೇನೆ, ಈ ಗೋಡೆಯಿಂದ ಆ ಗೋಡೆಗೆ ಡಬ್ಬಿಯೇ. ಒಂದು ಬುಟ್ಟಿ ಹೋಗಲಿ, ಕೈಚೀಲ ಇಡಲೂ ಜಗಾ ಇಲ್ಲ. ಅಂಗಳದಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಇಲ್ಲಿ ಹಿಟ್ಟು ನಾದುವವಳು ನಾನು, ಮಲ್ಲಿಗೆ ಮುಡಿಯುವವನು ಅವನು. ಆ ಡಬ್ಬಿ ವಾಪಸು ಹೋಗುವವರೆಗೆ ಅವನಿಗೆ ನಾನು ತಾಟು ಹಚ್ಚಲಿಲ್ಲ. ತಾನೇ ಬಡಿಸಿಕೊಂಡು ತಿಂದ. ಡಬ್ಬಿ ವಾಪಸು ಹೋಯಿತು, ಸ್ಪೀಕರ್ ಉಳಿಯಿತು, ಅದರ ಜೊತೆಗೆ ಅವನ ಮುನಿಸೂ ಉಳಿಯಿತು. ಬೆಳಿಗ್ಗೆ ಎದ್ದು ಅದರ ಧೂಳು ಒರೆಸುತ್ತಿದ್ದ, ನನ್ನನ್ನು ನೋಡಿ ಬೇಕಂತಲೇ ನಿಟ್ಟುಸಿರು ಬಿಡುತ್ತಿದ್ದ.

ಕೊನೆಗೆ ನನಗೇ ರೇಜಿಗೆ ಹತ್ತಿತು. "ಡಬ್ಬಿ ನಾ ಮಾಡಿ ಕೊಡ್ತೇನಿ. ನಾ ಹೇಳಿದಲ್ಲೇ ಕೂಡಬೇಕು, ನಾ ಹೇಳಿದಷ್ಟೇ ಇರಬೇಕು" ಅಂದೆ.

ನಕ್ಕ. "ನೀ ಏನ್ ಬಡಗ್ಯಾ?"

ನಾನು ಬಡಗಿಯ ಮಗಳು. ಅಂದೋಲಾದಲ್ಲಿ ನನ್ನಪ್ಪ ಕೂರಿಗೆ, ತೊಟ್ಟಿಲು, ಕಾಳಿನ ಪೆಟ್ಟಿಗೆ ಮಾಡುತ್ತಿದ್ದ. ಅವನು ತೀರಿದ ಮೇಲೆ ಅಣ್ಣಂದಿರು ಹೊಲ ಹಂಚಿಕೊಂಡರು, ಗರಗಸ ಉಳಿಗಳ ಚೀಲ ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ಅಟ್ಟದಿಂದ ಆ ಚೀಲ ಇಳಿಸಿದಾಗ ಗಂಡನ ನಗು ನಿಂತಿತು.

ಡಿಕ್ಕಿಯ ಎಡಗಡೆ, ಗಾಲಿಯ ಮೇಲೆ ಉಬ್ಬಿದ ಗುಬುಟಿನ ಹಿಂದೆ, ಯಾವ ಬುಟ್ಟಿಗೂ ಹೊಂದದ ಒಂದು ಡೊಂಕು ಸಂದಿ ಇತ್ತು. ಡಬ್ಬಿ ಅಲ್ಲೇ ಕೂಡಬೇಕು ಅಂತ ತೀರ್ಮಾನಿಸಿದೆ. ಹಳೆ ರಟ್ಟು ಕತ್ತರಿಸಿ ಕತ್ತರಿಸಿ ಆ ಡೊಂಕಿನ ಅಚ್ಚು ತೆಗೆದೆ. ಬೆನ್ನು ಇಳಿಜಾರು, ಒಂದು ಪಕ್ಕ ಬಾಗು, ಮುಂದಿನ ಮುಖ ನೆಟ್ಟಗೆ. ಅಚ್ಚನ್ನು ದಪ್ಪ ಪ್ಲೈವುಡ್ಡಿನ ಮೇಲಿಟ್ಟು ಗೆರೆ ಎಳೆದು ಕೊಯ್ದೆ. ಅವನು ಹಲಗೆ ಹಿಡಿಯಲು ನಿಂತ. ಹಿಡಿದ ಕೈಗಿಂತ ಬಾಯೇ ಜಾಸ್ತಿ. "ಇಷ್ಟು ಸಣ್ಣ ಡಬ್ಬಿ? ಇದರಾಗ ಏನ್ ದನಿ ಬರ್ತದ, ಇಲಿ ಕೂಗಿದಂಗ ಬರ್ತದ" ಅಂತ ಒಂದೇ ಸಮನೆ ಗೊಣಗುತ್ತಿದ್ದ.

ಅದರಲ್ಲಿ ಸ್ವಲ್ಪ ಖರೇ ಇತ್ತು. ಸ್ಪೀಕರಿನ ಜೊತೆ ಬಂದ ಕಾಗದದಲ್ಲಿ ಡಬ್ಬಿಯ ಹೊಟ್ಟೆ ಇಷ್ಟು ಲೀಟರ್ ಇರಬೇಕು ಅಂತ ಇತ್ತು. ಚೌಕನೆಯ ಪೆಟ್ಟಿಗೆಯಾದರೆ ಗುಣಾಕಾರ ಮಾಡಬಹುದು, ಈ ಡೊಂಕು ಹೊಟ್ಟೆಗೆ ಯಾವ ಲೆಕ್ಕ? ಅಪ್ಪ ಕಾಳಿನ ಪೆಟ್ಟಿಗೆ ಮಾಡಿದರೆ ಕಾಳು ಸುರಿದೇ ಅಳೆಯುತ್ತಿದ್ದ. ನಾನೂ ಅದನ್ನೇ ಮಾಡಿದೆ. ಹಲಗೆಗಳನ್ನು ಸ್ಕ್ರೂ ಹಾಕಿ ಜೋಡಿಸಿ, ಹಾಲು ಅಳೆಯುವ ಲೀಟರ್ ಮಾಪಿನಿಂದ ಸ್ಪೀಕರಿಗೆಂದು ಮುಂದೆ ಕೊರೆದ ತೂತಿನೊಳಗೆ ಜೋಳ ಸುರಿದೆ. ಕಾಗದದ ಲೆಕ್ಕ ಮುಟ್ಟುವ ಮೊದಲೇ ಜೋಳ ತುಂಬಿ ಚೆಲ್ಲಿತು. ಬಿಚ್ಚಿದೆ, ಎತ್ತರವನ್ನು ಹೆಬ್ಬೆರಳಿನಷ್ಟು ಹೆಚ್ಚಿಸಿದೆ, ಮತ್ತೆ ಸುರಿದೆ. ಸ್ಪೀಕರಿನ ಬೆನ್ನು ಒಳಗೆ ತಿನ್ನುವ ಜಾಗಕ್ಕೂ ಅಷ್ಟಿಷ್ಟು ಬಿಟ್ಟೆ. ಬರೋಬ್ಬರಿ ಆಯಿತು. ಜೋಳ ಹೊರಗೆ ಹಾಕಿ, ಸಂದಿಗಳಿಗೆಲ್ಲ ಮರದ ಹೊಟ್ಟು ಕಲಸಿದ ಅಂಟು ಮೆತ್ತಿದೆ. ಗಾಳಿ ಹೊರಗೆ ಸೋರಬಾರದು, ಸೋರಿದರೆ ದನಿ ಸತ್ತು ಹೋಗುತ್ತದೆ. ಮೇಲೆ ಕರಿ ಬಟ್ಟೆ ಅಂಟಿಸಿ, ಡಿಕ್ಕಿಯ ತಳಕ್ಕೆ ಪಟ್ಟಿ ಹಾಕಿ ಸ್ಕ್ರೂ ಬಿಗಿದೆ. ಹುಟ್ಟುವಾಗಲೇ ಅಲ್ಲಿತ್ತು ಅನ್ನುವ ಹಾಗೆ ಕೂತಿತು. ಅದರ ಬಲಕ್ಕೆ ನನ್ನ ಬುಟ್ಟಿಗಳ ಜಗಾ ಹಾಗೇ ಉಳಿಯಿತು.

ಅವನು ಹಾಡು ಹಚ್ಚಿದ. ದಢ್ ಅನ್ನುವುದರ ಹಿಂದೆಯೇ ಚಟಚಟ, ಚಟಚಟ. ಒಳಗೆ ಯಾರೋ ಅರಳು ಹುರಿದಂತೆ.

"ಏನದು?"

ನನಗೆ ತಕ್ಷಣ ಗೊತ್ತಾಯಿತು. ಯಾವುದೋ ಮೂಲೆಯಲ್ಲಿ ಜೋಳ ಉಳಿದಿತ್ತು. ಸ್ಪೀಕರ್ ಬಿಚ್ಚಿ ಡಬ್ಬಿ ಬೋರಲು ಹಾಕಿ ಬಡಿದಾಗ ಒಂದು ಹಿಡಿ ಬಿತ್ತು. ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. "ನಿನ್ನ ಜ್ವಾಳ ನನ್ನ ಬೆನ್ನು ಬಿಡಂಗಿಲ್ಲ ನೋಡು" ಅಂದು ಅಂಗಳಕ್ಕೆ ಎಸೆದ. ಹೊಟ್ಟೆ ತುಂಬಿಸುವ ಕಾಳನ್ನು ಹಾಗೆ ಎಸೆದವನಿಗೆ ಏನನ್ನಬೇಕು? ಆವತ್ತು ಅನ್ನಲಿಲ್ಲ, ಕೋಳಿಗಳು ಬಂದು ತಿಂದವು.

ಮತ್ತೆ ಕೂರಿಸಿ ಹಚ್ಚಿದಾಗ ಬಂದ ದನಿ, ಸುಳ್ಳು ಯಾಕೆ ಹೇಳಲಿ, ಭಾರಿ ಚೆಂದ ಇತ್ತು. ತುಂಬಿದ, ಬಿಗಿಯಾದ ದನಿ, ಎಲ್ಲೂ ಒಡೆಯದೆ ನೆಲದಿಂದ ಎದ್ದು ಬಂದ ಹಾಗೆ. ಓಣಿಯವರು ಬಾಗಿಲಿಗೆ ಬಂದರು. ಅವನು "ನಾನೇ ಡಿಸೈನ್ ಮಾಡಸೇನ್ರಿ" ಅಂತ ಹೇಳಿಕೊಂಡ. ನಾನು ಕೈಗೆ ಮೆತ್ತಿದ ಅಂಟು ಕೆರೆಯುತ್ತ ಕೇಳಿಸಿಕೊಂಡೆ. ಆಮೇಲೆ ಒಳಗೆ ಕರೆದು ಒಂದೇ ಒಂದು ಕರಾರು ಹಾಕಿದೆ. ರೊಟ್ಟಿ ಒಳಗಿದ್ದಾಗ ಹಾಡು ಹಚ್ಚಬಾರದು. ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ. ನಂಬಿದೆ.

ಅಷ್ಟರಲ್ಲಿ ಅಫಜಲಪುರದಿಂದ ಒಂದು ಆರ್ಡರ್ ಬಂತು. ಆ ಕಡೆಯ ಮದುವೆಗಳ ಅಡುಗೆಯನ್ನೆಲ್ಲ ಗುತ್ತಿಗೆ ಹಿಡಿಯುವ ಒಬ್ಬ ಹಿರಿಯ ಅಡುಗೆಯವರು ನಮ್ಮ ರೊಟ್ಟಿ ತಿಂದು ನೋಡಿ, ಒಂದು ಮದುವೆಗೆ ಸಾವಿರ ರೊಟ್ಟಿ ಹೇಳಿದರು. "ಇದೊಂದು ಛಲೋ ಆತಂದ್ರ ಈ ಸೀಜನ್ನಿನ ಎಲ್ಲಾ ಲಗ್ನಕ್ಕೂ ನಿಮ್ಮ ರೊಟ್ಟೀನ ಹೇಳ್ತೇನ್ರಿ ಅವ್ವಾರ. ಒಂದ ಮಾತು, ರೊಟ್ಟಿ ಇಡೀ ಇರಬೇಕು" ಅಂದರು. ಆ ಮಾತಿನ ಅರ್ಥ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯವರು ಚೂರು ತಿನ್ನಬಹುದು, ಬೀಗರ ತಾಟಿಗೆ ಮುರಿದ ರೊಟ್ಟಿ ಬಿತ್ತೆಂದರೆ ಬೀಗರು ತಾಟು ಬಿಟ್ಟು ಏಳುತ್ತಾರೆ. ಹೊಸ ಸಂಬಂಧದ ಮೊದಲ ಊಟ ಮುರುಕಿನಿಂದ ಶುರುವಾಗಬಾರದು. ಸೀಜನ್ನಿನ ಆರ್ಡರ್ ಸಿಕ್ಕರೆ ಶೆಡ್ಡಿಗೆ ಇನ್ನಷ್ಟು ಒಲೆ ಹಾಕಬಹುದಿತ್ತು. ಇಜೇರಿಯಿಂದ ದಿನವೂ ಬಸ್ಸಿಗೆ ಬರುವ ಒಬ್ಬಾಕೆ ತನ್ನ ತಂಗಿಗೂ ಕೆಲಸ ಕೇಳಿದ್ದಳು. ಹೂಂ ಅಂದಿದ್ದೆ.

ಎಲ್ಲರೂ ಸೇರಿ ಬಡಿದೆವು. ನನ್ನ ಅಂಗೈ ಕೆಂಪಾಗಿ ಚರ್ಮ ಎದ್ದಿತ್ತು. ಮದುವೆಯ ಬೆಳಿಗ್ಗೆ ಒಂದರ ಮೇಲೊಂದು ಪೇರಿಸಿದ ರೊಟ್ಟಿಯ ಗಡ್ಡೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಬುಟ್ಟಿಗಳಲ್ಲಿ ಇಟ್ಟು, ಡಿಕ್ಕಿಯಲ್ಲಿ ಬಿಗಿಯಾಗಿ ತುಂಬಿದೆ. ಉಳಿದವನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಕಟ್ಟಿದೆ. ರೊಟ್ಟಿ ಒಯ್ಯುವ ರೀತಿಯೇ ಅದು. ಸಡಿಲ ಇದ್ದರೆ ಕುಣಿಯುತ್ತದೆ, ಕುಣಿದರೆ ಮುರಿಯುತ್ತದೆ. ಡಬ್ಬಿಗೂ ಬುಟ್ಟಿಗೂ ನಡುವೆ ಬೆರಳು ತೂರಲೂ ಸಂದಿ ಬಿಟ್ಟಿರಲಿಲ್ಲ. ಕಾರು ಹೊರಟಿತು. ಸೊನ್ನದ ಕಡೆಯ ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ನಾನು ಕಿವಿಗೊಟ್ಟು ಕೂತೆ. ಒಂದು ಚಟ್ ಅನ್ನುವ ಸದ್ದೂ ಇಲ್ಲ. ಅಫಜಲಪುರ ಮುಟ್ಟಿ, ಕಲ್ಯಾಣಮಂಟಪದ ಮುಂದೆಯೇ ಒಂದು ಗಡ್ಡೆ ಬಿಚ್ಚಿ ನೋಡಿದೆ. ಎಲ್ಲವೂ ಇಡೀ.

"ನೀ ಒಳಗ ಹೋಗಿ ಜಗಾ ಮಾಡಸು. ನಾ ಗಾಡಿ ತಿರುಗಿಸಿ ಹಿಂದಿನ ಬಾಗಲಕ್ಕ ತರ್ತೇನಿ" ಅಂದ.

ಒಳಗೆ ಹೋದೆ. ಅಡುಗೆಮನೆಯಲ್ಲಿ ಹಾಸುಗಲ್ಲು ಒರೆಸಿಸಿ, ಚಾದರ ಹಾಸಿ ಕಾದೆ. ಅಡುಗೆಯವರು ಬದನೆಕಾಯಿ ಎಣ್ಣೆಗಾಯಿ ಇಳಿಸಿಯೂ ಆಯಿತು. ಹಿಂದಿನ ಬಾಗಿಲಿಗೆ ಕಾರು ಬರಲಿಲ್ಲ. ಆಗ ಸ್ಟೀಲಿನ ಪಾತ್ರೆಗಳ ಮುಚ್ಚಳ ಸಣ್ಣಗೆ ಗುಂಯ್ಗುಡತೊಡಗಿದವು. ದಢ್. ದಢ್. ದಢ್.

"ಡಿಜೆ ಬಂತೇನ್ರಪಾ ಇಷ್ಟು ಜಲ್ದಿ?" ಅಂದರು ಅಡುಗೆಯವರು.

ಡಿಜೆ ಆಗಿರಲಿಲ್ಲ. ಎಲ್ಲೂ ಒಡೆಯದ, ನೆಲದಿಂದ ಏಳುವ ಆ ದನಿ. ನಾನು ಜೋಳ ಸುರಿದು ಅಳೆದ ಹೊಟ್ಟೆಯ ದನಿ ನನಗೆ ಗೊತ್ತಾಗದೇ ಇರುತ್ತದೆಯೇ? ಚಪ್ಪಲಿ ಕೂಡ ಮೆಟ್ಟದೆ ಓಡಿದೆ.

ಮಂಟಪದ ಆಚೆ ರಸ್ತೆಯ ಬದಿಗೆ ಕಾರು ನಿಂತಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು, ಡಿಕ್ಕಿಯೂ ತೆರೆದಿತ್ತು. ಮದುವೆಗೆ ಬಂದಿದ್ದ ಆಳಂದದ ದೋಸ್ತ, ಅವನ ಜೊತೆಗೆ ನಾಲ್ಕೈದು ಮಂದಿ. ನನ್ನ ಗಂಡ ಡಿಕ್ಕಿಯ ಮೇಲೆ ಕೈಯಿಟ್ಟುಕೊಂಡು, ಕುದುರೆಯ ಬೆನ್ನು ತಟ್ಟಿದ ಹಾಗೆ ತಟ್ಟುತ್ತ, "ಹ್ಯಾಂಗೈತಿ? ಆಂ? ಹ್ಯಾಂಗೈತಿ?" ಅಂತ ಕೂಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಒಳಗೆ ನುಗ್ಗಿ ಸದ್ದು ಬಂದ್ ಮಾಡಿದೆ. ಒಮ್ಮೆಲೇ ಎಲ್ಲ ಮೌನ. ಆ ಮೌನದಲ್ಲಿ ಬಟ್ಟೆಯ ಗಂಟಿನೊಳಗಿಂದ ಏನೋ ಸರ್ರನೆ ಜಾರಿದ ಸದ್ದು ಕೇಳಿತು.

ಗಂಟು ಬಿಚ್ಚಿದೆ. ಡಬ್ಬಿಗೆ ಒತ್ತಿಕೊಂಡಿದ್ದ ಗಡ್ಡೆಗಳಲ್ಲಿ ಮೇಲಿನ ಎರಡು ಮೂರು ರೊಟ್ಟಿ ಬಿಟ್ಟರೆ ಎಲ್ಲ ಚೂರು. ಅದರಾಚೆಯವು ಅಂಚು ಬಿಟ್ಟಿದ್ದವು, ನಡುವೆ ಸೀಳಿದ್ದವು. ತಗ್ಗಿನಲ್ಲಿ ಬಿಗಿ ಕಟ್ಟು ಕಾಪಾಡಿತ್ತು. ನಡುಕದಲ್ಲಿ ಅದೇ ಬಿಗಿ ಕಟ್ಟು ಒಂದೊಂದು ರೊಟ್ಟಿಗೂ ಪೆಟ್ಟು ದಾಟಿಸಿತ್ತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು ಅಂತ ಆಮೇಲೆ ಎಷ್ಟೋ ಮಂದಿ ಹೇಳಿದರು. ಯಾಕೆ ಹೊಳೆಯಬೇಕು? ಹಚ್ಚಬೇಡಿ ಅಂದಿದ್ದೆ. ಆಣೆ ಮಾಡಿದವನು ಅವನು.

ಅಡುಗೆಯವರು ಹಿಂದೆಯೇ ಬಂದಿದ್ದರು, ಜೊತೆಗೆ ಹೆಣ್ಣಿನ ಸೋದರಮಾವ. ಅಡುಗೆಯವರು ಒಂದು ಚೂರು ಕೈಗೆತ್ತಿಕೊಂಡು ನೋಡಿ ಮತ್ತೆ ಅಲ್ಲೇ ಇಟ್ಟರು. ಸೋದರಮಾವ ಸಿಡಿದರು. "ಏನ್ರಿ ಇದು? ಬೀಗರಿಗೆ ಇದನ್ನ ಬಡಿಸೋಣೇನು? ಯಾರ್ ಇದಕ್ಕ ಜವಾಬ್ದಾರಿ?"

ನಾನು ಗಂಡನ ಮುಖ ನೋಡಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ತಪ್ಪಾತ್ರಿ ಅಂದಿದ್ದರೆ ನಾನೂ ಅವನ ಪಕ್ಕದಲ್ಲಿ ನಿಂತು ಬೈಸಿಕೊಳ್ಳುತ್ತಿದ್ದೆ. ದೋಸ್ತರ ಮುಂದೆ ಅವನ ಇಜ್ಜತ್ತು ಹೋಗುವುದು ನನಗೂ ಬೇಕಿರಲಿಲ್ಲ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನನ್ನೇನ್ ಕೇಳ್ತೀರಿ? ನಾ ಬರೇ ಡ್ರೈವರ್ ಅದೀನ್ರಿ. ರೊಟ್ಟಿ ಅಕಿವು, ಕಟ್ಟಿದಾಕಿ ಅಕಿ. ಆ ಡಬ್ಬಿ ಮಾಡಿದಾಕೀನೂ ಅಕೀನ."

ದೋಸ್ತರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅಳು ಬಂತು, ನಿಜ, ಆದರೆ ಅದನ್ನು ಅವರ ಮುಂದೆ ಕೆಡವಲಿಲ್ಲ. ಸೋದರಮಾವನಿಗೆ ಕೈಮುಗಿದು, "ತಪ್ಪು ನಂದರಿ, ದುಡ್ಡು ಬ್ಯಾಡ. ಇಡೀ ಇದ್ದಷ್ಟು ಆರಿಸಿ ಕೊಡ್ತೇನಿ, ಬೀಗರ ಮೊದಲ ಪಂಕ್ತಿಗಾದ್ರೂ ಆಗ್ತಾವ" ಅಂದೆ. ರಸ್ತೆಯ ಬದಿಗೇ ಕೂತು ಆರಿಸಿದೆ. ಅಡುಗೆಯವರು ಅವನ್ನು ಒಯ್ದರು. ಹೋಗುವಾಗ "ಮುಂದ ನೋಡೂಣ್ರಿ ಅವ್ವಾರ" ಅಂದರು. ನಮ್ಮ ಕಡೆ ಆ ಮಾತಿಗೆ ಮುಂದೆ ಇಲ್ಲ ಅಂತಲೇ ಅರ್ಥ.

ಆಮೇಲೆ ಎದ್ದು ಅವನ ಕಡೆ ತಿರುಗಿದೆ. "ನೀವು ಡ್ರೈವರೇನ್ರಿ?"

ದೋಸ್ತರ ಕಡೆ ನೋಡಿದ.

"ಹೌದಲ್ರಿ, ಈಗ ನೀವ ಹೇಳಿದ್ರಿ. ಹಂಗಾದ್ರ ಇವತ್ತಿಗೆ ನಿಮ್ಮ ನೌಕರಿ ಮುಗೀತು. ಚಾವಿ ಕೊಡ್ರಿ."

"ಹುಚ್ಚು ಹಿಡದೈತೇನ ನಿನಗ? ಮಂದಿ ನೋಡಾಕತ್ತಾರ."

"ನೋಡ್ಲಿ. ಚಾವಿ."

ಯಾರೂ ನಗಲಿಲ್ಲ. ಆಳಂದದ ದೋಸ್ತ ತನ್ನ ಮೊಬೈಲು ನೋಡತೊಡಗಿದ. ನನ್ನ ಗಂಡ ಕೈಗೆ ಕೊಡಲಿಲ್ಲ, ಕಾರಿನ ನೆತ್ತಿಯ ಮೇಲೆ ಚಾವಿ ಎಸೆದ. ಮೊದಲು ಸೀಟಿನ ಕೆಳಗಿದ್ದ ಅಪ್ಪನ ಸ್ಕ್ರೂಡ್ರೈವರ್ ತೆಗೆದೆ. ಯಾವ ಸ್ಕ್ರೂ ಎಲ್ಲಿದೆ ಅಂತ ಹುಡುಕಬೇಕಿರಲಿಲ್ಲ, ಹಾಕಿದವಳು ನಾನು. ಎಲ್ಲ ಬಿಚ್ಚಿ, ತಂತಿ ಕಿತ್ತು, ಡಬ್ಬಿಯನ್ನು ಎದೆಗೆ ಅವಚಿ ಎತ್ತಿ ತಂದು ಅವನ ಕಾಲ ಬಳಿ ಇಟ್ಟೆ. "ತಗೋರಿ, ನಿಮ್ಮ ಪಗಾರ" ಅಂದೆ.

ಊರು ದಾಟುವವರೆಗೆ ಕ್ಲಚ್ ಬಿಡಲು ಬರದೆ ಕಾರು ಎಗರಿ ಎಗರಿ ನಿಂತಿತು. ಹಿಂದಿನವರು ಹಾರ್ನ್ ಹೊಡೆದರು, ಕಿಟಕಿಯಿಂದ ತಲೆ ಹಾಕಿ ಬೈದರು. ನಾನೂ ಬೈದೆ. ಸೊನ್ನದವರೆಗೆ ಅಳುತ್ತಲೇ ಹೊಡೆದೆ. ತಗ್ಗು ಬಂದಾಗಲೆಲ್ಲ ಹಿಂದೆ ಚೂರುಗಳು ಸಳಸಳ ಅನ್ನುತ್ತಿದ್ದವು. ಮನೆಯಲ್ಲಿ ಹೆಂಗಸರು ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು. ಗಂಟುಗಳನ್ನು ಅವರ ಮುಂದೆ ಬಿಚ್ಚುವುದು ಆ ದಿನದ ಎಲ್ಲಕ್ಕಿಂತ ಕಷ್ಟದ ಕೆಲಸ. ಇಜೇರಿಯಾಕೆ ಚೂರುಗಳನ್ನು ಮೊರದಲ್ಲಿ ಹಾಕಿ ಎಲ್ಲರಿಗೂ ಪಾಲು ಮಾಡಿದಳು. ತಂಗಿಯ ಮಾತು ಮತ್ತೆ ಎತ್ತಲಿಲ್ಲ.

ಅವನು ಸಂಜೆಯ ಬಸ್ಸಿಗೆ ಬಂದ, ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದನಂತೆ. ಒಂದೇ ಮನೆಯಲ್ಲಿ ಇದ್ದೇವೆ. ತಾಟು ಹಚ್ಚುತ್ತೇನೆ, 'ರಿ' ಹಚ್ಚಿಯೇ ಮಾತಾಡುತ್ತೇನೆ. ಡಬ್ಬಿ ಪಡಸಾಲೆಯ ಮೂಲೆಯಲ್ಲಿದೆ, ಅದರ ಮೇಲೆ ಅವನ ಶರ್ಟುಗಳು ಬೀಳುತ್ತವೆ. ಅಫಜಲಪುರದ ಅಡುಗೆಯವರು ಇನ್ನೂ ಫೋನು ಮಾಡಿಲ್ಲ. ಆಳಂದಕ್ಕೆ, ಖಾನಾವಳಿಗಳಿಗೆ ನಾನೇ ಕಾರು ಒಯ್ಯುತ್ತೇನೆ, ಚಾವಿ ನನ್ನ ಸೊಂಟದಲ್ಲಿರುತ್ತದೆ.

ಮೊನ್ನೆ ಅವನು ಒಲೆಯ ತನಕ ಬಂದು ನಿಂತ. ಆಳಂದದ ದೋಸ್ತನ ಮನೆಯಲ್ಲಿ ಕಾರ್ಯವಂತೆ, ಒಂದು ದಿನಕ್ಕೆ ಗಾಡಿ ಬೇಕಂತೆ. ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ.

"ಡ್ರೈವರ್ ಬೇಕಾದಾಗ ನಾನ ಹೇಳಿ ಕಳಸ್ತೇನ್ರಿ" ಅಂದೆ.

ಅವನು ಬಸ್ಸಿನ ಟೈಮು ಕೇಳಿಕೊಂಡು ಹೋದ.